ಹಾಸನದಿಂದ ಹೋಗಿ ಬೆಂಗಳೂರು ಪೇಟೆ ಸುತ್ತಿದ್ದು

ಬೆಂಗಳೂರಿನ ಹಳೇ ಪೇಟೆಯನ್ನು ನಡೆಸಿಕೊಂಡು ಹೋಗಿ ತೋರಿಸುವ ತಂಡಗಳು ಈಗ ಹಲವಾರು ಇವೆ. ಅಂಥದ್ದೊಂದರ ಜೊತೆ ನಾನು, ನಮ್ಮ ದೊಡ್ಡಮ್ಮ, ಅವರ ಮಗ ಹೋಗಿ ಬಂದೆವು. ಒಬ್ಬರಿಗೆ 400 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಚಿಕ್ಕಪೇಟೆ ಅಂದರೆ ಮದುವೆ ಸೀರೆ, ಮಾರ್ಕೆಟ್ ಅಂದರೆ ಹೂವು, ಅಷ್ಟಕ್ಕೇ ಹೋಗಿ ಬರುವ ನಮ್ಮ ಹಾಸನದವರು ಒಮ್ಮೆ ಹೀಗೂ ನೋಡಬೇಕು.

ಈಗಿನ ಅವೆನ್ಯೂ ರಸ್ತೆಯೇ ಹಳೆಯ ದೊಡ್ಡಪೇಟೆ. ಅದು ಚಿಕ್ಕಪೇಟೆಯನ್ನು ಕೂಡುವ ಜಾಗದಲ್ಲಿ ಎತ್ತು ಕಟ್ಟಿ ನಾಲ್ಕು ದಿಕ್ಕಿಗೂ ಉಳುಮೆ ಮಾಡಿಸಿ, 1537ರಲ್ಲಿ ಕೆಂಪೇಗೌಡರು ಊರಿನ ಬೀದಿಗಳನ್ನು ಗುರುತು ಮಾಡಿಸಿದರು ಅಂತ ಜನ ಹೇಳಿಕೊಂಡು ಬಂದಿದ್ದಾರೆ. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಹೀಗೆ ಒಂದೊಂದು ಕಸುಬಿಗೆ ಒಂದೊಂದು ಪೇಟೆ. ಬಳೆಪೇಟೆಯಲ್ಲಿ ಈಗಲೂ ಸಾಲು ಸಾಲು ವಾದ್ಯದ ಅಂಗಡಿಗಳಿವೆ. ಒಂದು ಅಂಗಡಿಯ ಜಗುಲಿ ಮೇಲೆ ಒಬ್ಬರು ಮೃದಂಗವನ್ನು ಕಾಲಲ್ಲಿ ಒತ್ತಿ ಹಿಡಿದು ಬಾರು ಎಳೆಯುತ್ತಿದ್ದರು, ಎಳೆದು ಒಂದು ಸಲ ಬಾರಿಸಿ ಕಿವಿಗೊಟ್ಟು ಕೇಳಿ, ಸಾಲದು ಅಂತ ಮತ್ತೆ ಎಳೆಯುತ್ತಿದ್ದರು. ದೊಡ್ಡಮ್ಮ ಅಲ್ಲಿಂದ ಕದಲಲೇ ಇಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಕೆರೆಗಳ ಕಥೆ. ನಮ್ಮ ಹಾಸನದ ಬಸ್ಸು ಹೋಗಿ ನಿಲ್ಲುವ ಮೆಜೆಸ್ಟಿಕ್ ಇರುವುದು ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಇದ್ದದ್ದು ಸಂಪಂಗಿ ಕೆರೆ. ಅದರಲ್ಲಿ ಒಂದು ಚೂರು ಹೊಂಡ ಉಳಿದಿದೆ, ಕರಗದ ಪೂಜೆ ಇವತ್ತಿಗೂ ಅಲ್ಲಿ ನಡೆಯುತ್ತದೆ. ಕರಗ ಧರ್ಮರಾಯನ ಗುಡಿಯಿಂದ ಹೊರಟು ಮಸ್ತಾನ್ ಸಾಹೇಬರ ದರ್ಗಾಕ್ಕೂ ಹೋಗಿ ಬರುತ್ತದೆ. ಕೆರೆ ಮುಚ್ಚಿ ಅದರ ಮೇಲೆ ಊರು ಕಟ್ಟಿದರೆ ಮಳೆ ನೀರು ಎಲ್ಲಿಗೆ ಹೋಗಬೇಕು ಹೇಳಿ? ಇನ್ನೂ ಹುಣಸಿನಕೆರೆ ಉಳಿಸಿಕೊಂಡಿರುವ ನಾವು ಈಗಲೇ ಯೋಚನೆ ಮಾಡಬೇಕಾದ ವಿಷಯ ಇದು.

ಕೊನೆಗೆ ಕೋಟೆ. ಹೈದರಾಲಿ ಕಲ್ಲಲ್ಲಿ ಕಟ್ಟಿಸಿದ, 1791ರಲ್ಲಿ ಕಾರ್ನ್‌ವಾಲಿಸ್ ಸೈನ್ಯದ ಪಾಲಾದ ಕೋಟೆಯಲ್ಲಿ ಈಗ ಉಳಿದಿರುವುದು ಬಾಗಿಲಿನ ಕಡೆಯ ಒಂದು ತುಂಡು ಅಷ್ಟೇ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನು ತಂಡದ ವಿಷಯ. ನಮ್ಮನ್ನು ಸುತ್ತಿಸಿದ ಹುಡುಗ ಚೆನ್ನಾಗಿ ಓದಿಕೊಂಡಿದ್ದ, ಏನು ಕೇಳಿದರೂ ಬೇಜಾರಿಲ್ಲದೆ ಹೇಳಿದ. ಆದರೆ ಕನ್ನಡದಲ್ಲೇ ವಿವರಣೆ ಅಂತ ಹಣ ಕಟ್ಟಿಸಿಕೊಂಡು ಅರ್ಧಕ್ಕರ್ಧ ಇಂಗ್ಲಿಷಿನಲ್ಲಿ ಹೇಳಿದ್ದು ಸರಿಯಲ್ಲ. ದೊಡ್ಡಮ್ಮನಿಗೆ ನಾನು ಪಕ್ಕದಲ್ಲಿ ನಿಂತು ಹೇಳಬೇಕಾಯಿತು. ಗುಂಪೂ ದೊಡ್ಡದು. ಆಟೋ ಹಾರ್ನ್ ನಡುವೆ ಹಿಂದಿದ್ದವರಿಗೆ ಏನೂ ಕೇಳಿಸುತ್ತಿರಲಿಲ್ಲ. ವಯಸ್ಸಾದವರು ಎಲ್ಲಿ ಕೂರಬೇಕು, ಶೌಚಾಲಯ ಎಲ್ಲಿದೆ ಅಂತ ಮೊದಲೇ ಯಾರೂ ಹೇಳಲಿಲ್ಲ. ಮೂರು ಗಂಟೆ ನಡೆಸುವವರು ಇಷ್ಟಾದರೂ ನೋಡಿಕೊಳ್ಳಬೇಕು ಅಲ್ವಾ?

ಶುರುವಾಗುವುದು ಬೆಳಗ್ಗೆ 7ಕ್ಕೆ. ಹಾಸನದಿಂದ ಹೋಗುವವರು ಹಿಂದಿನ ದಿನವೇ ಹೋಗಿ ಉಳಿದುಕೊಳ್ಳಿ, ಇಲ್ಲದಿದ್ದರೆ ನಡುರಾತ್ರಿ ಬಸ್ಸು ಹಿಡಿಯಬೇಕು. ಮೆಜೆಸ್ಟಿಕ್‌ವರೆಗೂ ಹೋಗಬೇಕಾಗಿಲ್ಲ, ಗೊರಗುಂಟೆಪಾಳ್ಯದಲ್ಲಿ ಇಳಿದು ಮೆಟ್ರೋ ಹತ್ತಿದರೆ ಹಸಿರು ಮಾರ್ಗದಲ್ಲಿ ನೇರ ಚಿಕ್ಕಪೇಟೆ. ಹಣ ಕಟ್ಟುವ ಮೊದಲು ಫೋನ್ ಮಾಡಿ, ಪೂರ್ತಿ ಕನ್ನಡದಲ್ಲೇ ಹೇಳುತ್ತೀರಾ ಅಂತ ಖಚಿತ ಮಾಡಿಕೊಳ್ಳಿ.