ಏಳು ವರ್ಷ, ಎರಡು ಗಾಯ: ನನ್ನ ಸಫೈರ್ ಗಾಜಿನ ವಾಚು

2018ರ ದೀಪಾವಳಿ ಹೊತ್ತಿಗೆ ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಒಂದು ಅಂಗಡಿಯಲ್ಲಿ ಈ ವಾಚು ತೆಗೆದುಕೊಂಡೆ. ಹಬ್ಬದ ರಿಯಾಯಿತಿ ಕಳೆದು 13,800 ರೂಪಾಯಿ. ಮನೆಯಲ್ಲಿ ಮೂರು ಸಾವಿರ ಕಡಿಮೆ ಹೇಳಿದ್ದೆ, ಆ ಲೆಕ್ಕ ಇವತ್ತಿಗೂ ಸರಿಯಾಗಿಲ್ಲ. 40 ಮಿಲಿಮೀಟರ್ ಅಗಲ, 316ಎಲ್ ಸ್ಟೀಲ್ ಕೇಸು, ತಿರುಪಿ ಬಿಗಿಯುವ ಕ್ರೌನು (ಗಂಟೆ ಸರಿಮಾಡುವ ಪಕ್ಕದ ಗುಂಡಿ), ತಿರುಪಿನದೇ ಹಿಂದಿನ ಮುಚ್ಚಳ, ನೀರಿಗೆ 100 ಮೀಟರ್ ರೇಟಿಂಗ್, ಒಳಗೆ ಸೆಲ್ಲಿನ ಕ್ವಾರ್ಟ್ಜ್ ಮಷಿನ್. ಮೇಲೆ ಸಫೈರ್ ಗಾಜು. ನಾನು ದುಡ್ಡು ಕೊಟ್ಟಿದ್ದೇ ಆ ಗಾಜಿಗೆ. ಕಂಪನಿಯ ಹೆಸರು ಬರೆಯುತ್ತಿಲ್ಲ. ಇದೇ ತರಹದ ವಾಚನ್ನು ಎಷ್ಟೋ ಕಂಪನಿಗಳು ಮಾಡುತ್ತವೆ, ನಾನು ಹೇಳುವುದು ಹೆಚ್ಚುಕಡಿಮೆ ಎಲ್ಲಕ್ಕೂ ಹೊಂದುತ್ತದೆ.

ನಾನಿರುವುದು ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ. ಸಣ್ಣದೊಂದು ಗ್ರೈಂಡಿಂಗ್ ಶಾಪು. ದಿನಾ ಬೈಕಿನಲ್ಲಿ ಓಡಾಟ. ನಮ್ಮ ಅವಳಿ ನಗರದ ಧೂಳಿನ ಬಗ್ಗೆ ಹೊರಗಿನವರಿಗೆ ಬಿಡಿಸಿ ಹೇಳಬೇಕು, ಊರಿನವರಿಗೆ ಬೇಡ. ಇದಕ್ಕೆ ಮುಂಚೆ ಇದ್ದ ವಾಚಿಗೆ ಮಿನರಲ್ ಗಾಜು, ಅಂದರೆ ಸಾಮಾನ್ಯ ಗಾಜು ಇತ್ತು. ಎರಡೇ ವರ್ಷಕ್ಕೆ ಅದು ಮಂಜು ಕವಿದ ಹಾಗಾಯಿತು. ಯಾವುದಕ್ಕೂ ಬಡಿದಿರಲಿಲ್ಲ. ಸುಮ್ನೆ ಅಂಗಿಯ ತುದಿಯಿಂದ ಒರೆಸುತ್ತಿದ್ದೆ, ಅಷ್ಟೇ.

ತಪ್ಪು ಆ ಒರೆಸುವುದರಲ್ಲೇ ಇತ್ತು. ಗಟ್ಟಿತನ ಅಳೆಯುವ ಮೋಸ್ ಪಟ್ಟಿಯಲ್ಲಿ ವಜ್ರಕ್ಕೆ 10, ಸಫೈರ್‌ಗೆ 9. ಸಾಮಾನ್ಯ ಗಾಜು 5.5ರ ಆಸುಪಾಸು. ರಸ್ತೆಯ ಧೂಳಿನಲ್ಲಿ ಬೆರೆತಿರುವ ಮರಳಿನ ಹರಳು, ಅಂದರೆ ಕ್ವಾರ್ಟ್ಜ್, 7. ಹಾಗಾಗಿ ಧೂಳು ಕೂತ ಮಿನರಲ್ ಗಾಜನ್ನು ಒಣ ಬಟ್ಟೆಯಿಂದ ಒರೆಸಿದರೆ ಪಾಲಿಶ್ ಕಾಗದ ಉಜ್ಜಿದ ಹಾಗೆಯೇ. ಸಫೈರ್ ಮೇಲೆ ಅದೇ ಧೂಳು ಏನೂ ಮಾಡಲಾರದು. ಏಳು ವರ್ಷದಿಂದ ಅದೇ ಅಂಗಿಯ ತುದಿಯಿಂದ ಅದೇ ಧೂಳು ಒರೆಸುತ್ತಿದ್ದೇನೆ. ಗಾಜಿನ ನಡುಭಾಗ ಹೊಸದರಂತೆಯೇ ಇದೆ. ದುಡ್ಡಿಗೆ ಮೋಸವಿಲ್ಲ.

ಸಫೈರ್ ಅಂದರೆ ನೀಲಮಣಿ. ಅಂಗಡಿಯವರು ಹಾಗಂದಾಗ ನನಗೆ ನಗು ಬಂತು, ನೀಲಿ ಎಲ್ಲಿದೆ ಅಂತ. ಆಮೇಲೆ ಗೊತ್ತಾಯಿತು, ಇದು ಶುದ್ಧ ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಚೂರು ಕಬ್ಬಿಣ, ಟೈಟೇನಿಯಂ ಬೆರೆತರೆ ನೀಲಿ, ಕ್ರೋಮಿಯಂ ಬೆರೆತರೆ ಕೆಂಪು ಮಾಣಿಕ್ಯ, ಏನೂ ಬೆರೆಯದಿದ್ದರೆ ನೀರಿನಂತೆ ತಿಳಿ, ಬಣ್ಣವೇ ಇಲ್ಲ. ನಮ್ಮ ಶಾಪಿನಲ್ಲಿ ಲೋಹದ ಮೈ ಉಜ್ಜುವ ಸರ್ಫೇಸ್ ಗ್ರೈಂಡರ್‌ಗೆ ಹಾಕುವ ಬಿಳಿ ಕಲ್ಲೂ ಅಲ್ಯೂಮಿನಿಯಂ ಆಕ್ಸೈಡೇ! ಗುಲಾಬಿ ಕಲ್ಲಿಗೆ ಆ ಬಣ್ಣ ಬಂದಿರುವುದೂ ಚೂರು ಕ್ರೋಮಿಯಂನಿಂದ. ಇಪ್ಪತ್ತು ವರ್ಷ ಯಾವ ಪುಡಿಯನ್ನು ಮೂಗಿಗೆ ಎಳೆದುಕೊಂಡೆನೋ ಅದನ್ನೇ ಹದಿನಾಲ್ಕು ಸಾವಿರ ಕೊಟ್ಟು ಕೈಗೆ ಕಟ್ಟಿಕೊಂಡಿದ್ದೇನೆ.

ಇದನ್ನು ಕಾರ್ಖಾನೆಯಲ್ಲಿ ಬೆಳೆಸುವ ದಾರಿಯನ್ನು ಜಗತ್ತಿಗೆ ತೋರಿಸಿದವರು ಫ್ರಾನ್ಸಿನ ಆಗಸ್ಟ್ ವೆರ್ನೂಯ್, 1902ರಲ್ಲಿ. ನುಣ್ಣನೆಯ ಅಲ್ಯೂಮಿನಾ ಪುಡಿಯನ್ನು ಆಮ್ಲಜನಕ ಮತ್ತು ಜಲಜನಕದ ಉರಿಯ ಮೂಲಕ ಉದುರಿಸುತ್ತಾರೆ. ಅದು ಕರಗಲು 2,000 ಡಿಗ್ರಿ ದಾಟಬೇಕು. ಕರಗಿದ ಹನಿಗಳು ಕೆಳಗೆ ಒಂದರ ಮೇಲೊಂದು ಕೂತು ಉದ್ದನೆಯ ಹರಳಾಗುತ್ತವೆ. ಅದನ್ನು ವಜ್ರದ ಗರಗಸದಿಂದ ಬಿಲ್ಲೆ ಬಿಲ್ಲೆಯಾಗಿ ಕೊಯ್ದು, ವಜ್ರದ ಪುಡಿಯಿಂದಲೇ ಪಾಲಿಶ್ ಮಾಡಬೇಕು. ದುಬಾರಿ ಆಗುವುದು ಈ ಕೊಯ್ಯುವ, ಉಜ್ಜುವ ಕೆಲಸದಿಂದ. ಗ್ರೈಂಡಿಂಗ್ ಮಾಡುವವನಾಗಿ ಆ ಬೆಲೆಗೆ ನನ್ನ ತಕರಾರಿಲ್ಲ.

ಅಪ್ಪನ ಹತ್ತಿರ ಎಚ್‌ಎಂಟಿ ಜನತಾ ಇದೆ, ಮದುವೆಗೆ ಅಜ್ಜನ ಮನೆಯಿಂದ ಬಂದದ್ದು. ಡಯಲ್ ಮೇಲೆ 17 ಜ್ಯುವೆಲ್ಸ್ ಅಂತ ಬರೆದಿದೆ. ಚಿಕ್ಕವನಿದ್ದಾಗ ಅದರೊಳಗೆ ಹದಿನೇಳು ರತ್ನ ಇವೆ ಅಂತ ಶಾಲೆಯಲ್ಲಿ ಜಂಬ ಕೊಚ್ಚಿದ್ದೆ. ಸುಳ್ಳೇನಲ್ಲ. ಚಕ್ರಗಳ ತುದಿ ಸವೆಯದಿರಲಿ ಅಂತ ಕೂರಿಸುವ ಪುಟ್ಟ ಮಾಣಿಕ್ಯಗಳು ಅವು, ಕಾರ್ಖಾನೆಯಲ್ಲಿ ಬೆಳೆಸಿದವು. ಅಪ್ಪನ ವಾಚಿನ ಹೊಟ್ಟೆಯಲ್ಲಿದ್ದ ವಸ್ತು ನನ್ನ ವಾಚಿನ ನೆತ್ತಿಗೆ ಬಂದಿದೆ.

ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಮಾಡಲು ಶುರು ಮಾಡಿತು. ಜನತಾಕ್ಕೆ ಇರುವುದು ಗಾಜೇ ಅಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಕೀಲಿಕೈ ತಾಗಿದರೂ ಗೀರು ಬೀಳುವಷ್ಟು ಮೆದು. ಆದರೆ ಅದರ ಗುಣ ನೋಡಿ. ವರ್ಷಕ್ಕೊಮ್ಮೆ ದಸರಾ ಮುಂದೆ ಅಪ್ಪ ಹಲ್ಲುಪೇಸ್ಟು ಹಚ್ಚಿ ಹಳೆ ಧೋತರದ ತುಂಡಿನಿಂದ ಹತ್ತು ನಿಮಿಷ ತಿಕ್ಕುತ್ತಾರೆ, ಸಣ್ಣ ಗೀರುಗಳೆಲ್ಲ ಮಾಯ. ಬಿದ್ದರೆ ಚೂರಾಗುವುದೂ ಇಲ್ಲ. 1969ರಲ್ಲಿ ಚಂದ್ರನ ತನಕ ಹೋದ ಒಮೆಗಾ ಸ್ಪೀಡ್‌ಮಾಸ್ಟರ್‌ಗೂ ಅಕ್ರಿಲಿಕ್ಕೇ ಇತ್ತು. ತೂಕವಿಲ್ಲದ ಕೋಣೆಯಲ್ಲಿ ಗಾಜಿನ ಚೂರು ತೇಲಾಡಿದರೆ ಏನು ಗತಿ? ಸಫೈರ್‌ನಲ್ಲಿ ಈ ಸೌಲಭ್ಯ ಇಲ್ಲ. ಗೀರು ಬೀಳುವುದು ಅಪರೂಪ, ಬಿದ್ದರೆ ಶಾಶ್ವತ.

ನನ್ನದಕ್ಕೆ ಬಿದ್ದ ಮೊದಲ ಗಾಯ 2020ರಲ್ಲಿ. ಬೆಂಚಿನ ವೈಸ್‌ನ ಮೂಲೆಗೆ ಕೈ ತಾಗಿತು. ಜೋರಾಗಿ ಅಲ್ಲ. ನೋಡಿದರೆ ಗಾಜಿನ ಅಂಚಿನಲ್ಲಿ, ನಾಲ್ಕು ಗಂಟೆಯ ಹತ್ತಿರ, ಎಳ್ಳಿನಷ್ಟು ತುಂಡು ಹಾರಿಹೋಗಿದೆ. ಗಟ್ಟಿ ವಸ್ತುವಿನ ಸ್ವಭಾವವೇ ಹಾಗೆ, ಗೀರಿಗೆ ಬಗ್ಗುವುದಿಲ್ಲ, ಪೆಟ್ಟಿಗೆ ಸಿಡಿಯುತ್ತದೆ. ಅದರಲ್ಲೂ ಅಂಚು ಬಲು ಸೂಕ್ಷ್ಮ. ಲೋಹ ಕೊರೆಯುವ ನಮ್ಮ ಕಾರ್ಬೈಡ್ ಟೂಲ್ ಟಿಪ್ಪುಗಳೂ ಹೀಗೇ ಅಂಚಿನಲ್ಲೇ ಚಿಪ್ ಆಗುತ್ತವೆ.

ಅವತ್ತು ವಾಚನ್ನು ಅಡ್ಡ ಹಿಡಿದು ಮೊದಲ ಸಲ ಸರಿಯಾಗಿ ನೋಡಿದೆ. ಗಾಜು ತನ್ನ ಸುತ್ತಲಿನ ಸ್ಟೀಲ್ ಬಳೆಗಿಂತ, ಅಂದರೆ ಬೆಝೆಲ್‌ಗಿಂತ, ಅರ್ಧ ಮಿಲಿಮೀಟರ್ ಮೇಲೆ ಎದ್ದು ನಿಂತಿತ್ತು. ಅಂಗಡಿಯ ದೀಪದಲ್ಲಿ ಆ ಅಂಚು ಫಳಫಳ ಹೊಳೆದು ನನ್ನನ್ನು ಮರುಳು ಮಾಡಿತ್ತು. ಚೆಂದಕ್ಕೆ ಮಾಡಿದ ಆ ಅರ್ಧ ಮಿಲಿಮೀಟರೇ ಪೆಟ್ಟು ತಿಂದದ್ದು.

ನಮ್ಮ ಶಾಪಿನ ಹುಡುಗನ ಕೈಯಲ್ಲಿ ಕ್ಯಾಸಿಯೊ ಜಿ-ಶಾಕ್ ಇದೆ. ಗಾಜು ಬರೀ ಮಿನರಲ್. ಆದರೆ ಸುತ್ತ ರೆಸಿನ್ ಗೋಡೆ ಗಾಜಿಗಿಂತ ಎತ್ತರಕ್ಕಿದೆ. ಮುಖ ಅಡಿಯಾಗಿ ಬಿದ್ದರೂ ನೆಲಕ್ಕೆ ತಾಗುವುದು ಗೋಡೆ, ಗಾಜಲ್ಲ. ಇದನ್ನು ಮಾಡಿದ ಎಂಜಿನಿಯರ್ ಕಿಕುಒ ಇಬೆ. ಸುಮಾರು 200 ಮಾದರಿ ಮಾಡಿ, ಕಂಪನಿಯ ಮೂರನೇ ಮಹಡಿಯ ಕಿಟಕಿಯಿಂದ ಕೆಳಗೆ ಹಾಕಿ ನೋಡಿದರಂತೆ. ಹೊರಗೆ ಎಷ್ಟು ಮೆತ್ತೆ ಸುತ್ತಿದರೂ ಒಳಗೆ ಏನಾದರೊಂದು ಒಡೆಯುತ್ತಿತ್ತು. ಒಂದು ದಿನ ಪಾರ್ಕಿನಲ್ಲಿ ಮಗುವೊಂದು ಚೆಂಡು ಪುಟಿಸುವುದನ್ನು ಕಂಡಾಗ, ಚೆಂಡಿನ ನಡುವೆ ತೇಲುವ ವಸ್ತುವಿಗೆ ಪೆಟ್ಟು ತಾಗುವುದಿಲ್ಲ ಅಂತ ಹೊಳೆಯಿತು. ಮಷಿನನ್ನು ಕೇಸಿನೊಳಗೆ ಕೆಲವೇ ಕಡೆ ಮಾತ್ರ ತಾಗುವಂತೆ ಕೂರಿಸಿದರು. 1983ರಲ್ಲಿ ವಾಚು ಮಾರುಕಟ್ಟೆಗೆ ಬಂತು. ಹುಡುಗನ ವಾಚು ನನ್ನದಕ್ಕಿಂತ ಮೂರು ಪಟ್ಟು ಅಗ್ಗ. ನಾಲ್ಕು ವರ್ಷವಾಯಿತು, ಗಾಜಿನ ಅಂಚಿಗೆ ಒಂದು ಕಲೆ ಇಲ್ಲ. ಅವನು ಅದನ್ನು ಆಗಾಗ ನೆನಪಿಸುತ್ತಾನೆ.

ಎರಡನೇ ಗಾಯ ಪೂರ್ತಿ ನನ್ನದೇ ತಪ್ಪು. ತಿರುಗುವ ಮಷಿನ್ ಮುಂದೆ ವಾಚು ಕಟ್ಟಿ ನಿಲ್ಲಬಾರದು, ಇದು ನಮ್ಮಲ್ಲಿ ಮೊದಲ ಪಾಠ. ಬಿಚ್ಚಿ ಏಪ್ರನ್ ಜೇಬಿಗೆ ಹಾಕಿದೆ. ಜೇಬಿನಲ್ಲಿ ಗ್ರೈಂಡಿಂಗ್ ಕಲ್ಲಿನ ಮೈ ಹದ ಮಾಡುವ, ಅಂದರೆ ಡ್ರೆಸ್ಸಿಂಗ್ ಮಾಡುವ ಸಿಲಿಕಾನ್ ಕಾರ್ಬೈಡ್ ಕಡ್ಡಿ ಇತ್ತು. ಅದರ ಗಟ್ಟಿತನ 9ಕ್ಕಿಂತ ಮೇಲೆ. ಸಂಜೆಗೆ ಹನ್ನೊಂದರಿಂದ ಒಂದು ಗಂಟೆಯ ತನಕ ಕೂದಲೆಳೆಯಂತಹ ಬಿಳಿ ಗೀರು. ಸಫೈರ್‌ಗೆ ಗೀರೇ ಬೀಳುವುದಿಲ್ಲ ಅನ್ನುವ ಅಂಗಡಿಯವರ ಮಾತನ್ನು ನಂಬಿ ಟೈಲ್ಸ್ ಅಂಗಡಿ, ಗ್ರಾನೈಟ್ ಕಟಿಂಗ್ ಶಾಪಿನಲ್ಲಿ ಕೆಲಸ ಮಾಡುವವರು ಮೈಮರೆಯಬೇಡಿ. ಅಲ್ಲಿ ಕೊಯ್ಯುವುದೇ ವಜ್ರದ ಬ್ಲೇಡಿನಿಂದ, ಅಲ್ವಾ?

ಇನ್ನೊಂದು ಕಿರಿಕಿರಿ ಪ್ರತಿಫಲನ. ಸಫೈರ್ ಬೆಳಕನ್ನು ಜಾಸ್ತಿ ಹಿಂದಕ್ಕೆ ಎಸೆಯುತ್ತದೆ. ಸಾಮಾನ್ಯ ಗಾಜಿನ ಒಂದು ಮೈ ಶೇಕಡಾ 4ರಷ್ಟು ಬೆಳಕನ್ನು ವಾಪಸ್ ಕಳಿಸಿದರೆ ಇದು ಸುಮಾರು 8. ಏಪ್ರಿಲ್ ಮಧ್ಯಾಹ್ನ ಬೈಕ್ ಮೇಲೆ ಉಣಕಲ್ ಕೆರೆ ದಾಟುವಾಗ ಗಂಟೆ ನೋಡಿದರೆ ಸೂರ್ಯ ಕಾಣುತ್ತಾನೆ, ಮುಳ್ಳು ಕಾಣುವುದಿಲ್ಲ. ಇದಕ್ಕೆ ಮದ್ದು ಪ್ರತಿಫಲನ ತಡೆಯುವ ಲೇಪ. ನನ್ನದಕ್ಕೆ ಒಳಮೈಗೆ ಮಾತ್ರ ಇದೆ. ಹೊರಗೂ ಹಚ್ಚುವ ಕಂಪನಿಗಳಿವೆ. ಆದರೆ ಲೇಪ ಸಫೈರ್‌ನಷ್ಟು ಗಟ್ಟಿಯಲ್ಲ, ನಮ್ಮ ಧೂಳಿಗೆ ಅದರ ಮೇಲೆ ಗೀರು ಬೀಳುತ್ತದೆ. ಒಳಗಡೆ ಸಾಕು.

ಈಗ ನಿಜವಾದ ದೂರಿಗೆ ಬರುತ್ತೇನೆ. 2021ರಲ್ಲಿ ಸೆಲ್ ಮುಗಿಯಿತು. ಮಾಲಿನೊಳಗಿನ ಒಂದು ಕೌಂಟರಿನಲ್ಲಿ ಐದು ನಿಮಿಷದಲ್ಲಿ ಹೊಸ ಸೆಲ್ ಹಾಕಿಕೊಟ್ಟರು. ಜುಲೈನಲ್ಲಿ ಧಾರವಾಡದ ಜಿಟಿಜಿಟಿ ಮಳೆ ಗೊತ್ತಲ್ಲ, ರೇನ್‌ಕೋಟಿನ ತೋಳಿನಿಂದ ನೀರು ಇಳಿಯುತ್ತದೆ. ಶಾಪು ಮುಟ್ಟುವಷ್ಟರಲ್ಲಿ ಗಾಜಿನ ಒಳಗೆ ಹಬೆ. 100 ಮೀಟರ್ ಅಂತ ಬರೆದ ವಾಚು ಮಳೆಗೆ ಸೋತಿತು! ಗೆಳೆಯನೊಬ್ಬ ಅಕ್ಕಿ ಡಬ್ಬಿಯಲ್ಲಿ ಹೂತಿಡು ಅಂದ. ಎರಡು ದಿನ ಇಟ್ಟೆ. ಹಬೆ ಹೋಗಿ ಮತ್ತೆ ಬಂತು.

ಕೊನೆಗೆ ದುರ್ಗದ ಬೈಲಿನ ಹತ್ತಿರ, ಮೂರಡಿ ಗೂಡಿನಂತಹ ಅಂಗಡಿಯಲ್ಲಿ ಕೂರುವ ವಯಸ್ಸಾದ ರಿಪೇರಿಯವರ ಬಳಿ ಒಯ್ದೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿ ಮುಚ್ಚಳ ತೆಗೆದರು.

“ಯಾರ್ರಿ ಇದನ್ನ ಮುಚ್ಚಿದಾವ್ರು? ರಬ್ಬರ್ ರಿಂಗ್ ಮಡಚಿ ಕುಂತೈತಿ ನೋಡ್ರಿ.”

“ಕಾಕಾ, ಎರಡ್ ದಿನ ಅಕ್ಕಿಯೊಳಗ ಇಟ್ಟಿದ್ನಿರಿ.”

“ಅಕ್ಕಿ ಇರೋದು ಅನ್ನಾ ಮಾಡಾಕ್ರಿ ಸಾಹೇಬ್ರ, ವಾಚಿಗಲ್ಲ.”

ಹೊಸ ರಿಂಗು, ಅದಕ್ಕೆ ಸಿಲಿಕೋನ್ ಗ್ರೀಸು, ಒಳಗೆಲ್ಲ ಒಣಗಿಸಿ ಕೊಟ್ಟು 180 ರೂಪಾಯಿ ತಗೊಂಡರು. ಒಂದು ಪರೀಕ್ಷೆಯನ್ನೂ ಕಲಿಸಿಕೊಟ್ಟರು. ವಾಚನ್ನು ಸ್ವಲ್ಪ ಬೆಚ್ಚಗೆ ಮಾಡಿ ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಡಬೇಕು. ಒಂದು ನಿಮಿಷದ ಮೇಲೆ ಒರೆಸಿ ನೋಡಿದರೆ, ಆ ಜಾಗದಲ್ಲಿ ಒಳಗಡೆ ಹಬೆ ಕಟ್ಟಿದ್ದರೆ ನೀರಿನಂಶ ಇನ್ನೂ ಇದೆ ಅಂತ. ಆಮೇಲೆ ಇಲ್ಲಿಯ ತನಕ ತೊಂದರೆ ಇಲ್ಲ. ಮುಂದಿನ ಸಲ ಸೆಲ್ ಹಾಕಿಸಲೂ ಅಲ್ಲಿಗೇ ಹೋದೆ.

ನೀರು ತಡೆಯುವುದು ಗಾಜೂ ಅಲ್ಲ, ಸ್ಟೀಲೂ ಅಲ್ಲ. ಗಾಜಿನ ಸುತ್ತ, ಕ್ರೌನಿನ ಕೊರಳಲ್ಲಿ, ಹಿಂದಿನ ಮುಚ್ಚಳದಡಿ ಇರುವ ಮೂರು ರಿಂಗುಗಳು. ಅವು ಬೆವರು, ಸೋಪು, ಬಿಸಿನೀರಿಗೆ ಗಡಸಾಗಿ ಬಿರಿಯುತ್ತವೆ. ತಿರುಪಿ ಮುಚ್ಚುವ ಕ್ರೌನು ಇರುವ ಆಯ್ಸ್ಟರ್ ಕೇಸನ್ನು ರೋಲೆಕ್ಸ್ ತಂದಿದ್ದು 1926ರಲ್ಲಿ. ಮರುವರ್ಷ ಮರ್ಸಿಡಿಸ್ ಗ್ಲೈಟ್ಸ್ ಎಂಬ ಈಜುಗಾತಿ ಅದನ್ನು ಕೊರಳಿಗೆ ತೂಗುಹಾಕಿಕೊಂಡು ಇಂಗ್ಲಿಷ್ ಕಡಲ್ಗಾಲುವೆಯ ಕೊರೆಯುವ ನೀರಿನಲ್ಲಿ ಹತ್ತು ಗಂಟೆಗೂ ಹೆಚ್ಚು ಈಜಿದರು. ಚಳಿ ತಡೆಯಲಾರದೆ ಅವರನ್ನು ದಡ ಮುಟ್ಟುವ ಮೊದಲೇ ದೋಣಿಗೆ ಎತ್ತಿಕೊಳ್ಳಬೇಕಾಯಿತು. ವಾಚು ಮಾತ್ರ ನಡೆಯುತ್ತಿತ್ತು. ಇಂಥ ಕ್ರೌನನ್ನು ಪೂರ್ತಿ ತಿರುಪದೆ ಬಿಟ್ಟರೆ ಇದ್ದೂ ಇಲ್ಲದಂತೆ. ಗಂಟೆ ಸರಿಮಾಡಿ ಬಿಗಿಯಲು ನಾನೇ ಎರಡು ಸಲ ಮರೆತಿದ್ದೇನೆ. ಇನ್ನು 30 ಮೀಟರ್ ಅಂದರೆ ಮೂವತ್ತು ಮೀಟರ್ ಆಳಕ್ಕೆ ಇಳಿಯಬಹುದು ಅಂತಲ್ಲ, ಕೈ ತೊಳೆಯುವಾಗ ಹನಿ ಸಿಡಿದರೆ ಪರವಾಗಿಲ್ಲ ಅಂತ.

ಸ್ಟೀಲ್ ಕೇಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೈತುಂಬ ಗೀರು. ಮ್ಯಾಟ್ ಇರುವ ಕಡೆ ಸ್ಕಾಚ್ ಬ್ರೈಟ್ ಹಿಡಿದು ಗೆರೆಯ ಗುಂಟ ಎಳೆದರೆ ಮುಚ್ಚಿಹೋಗುತ್ತದೆ, ಹೊಳಪಿನ ಕಡೆ ಹಾಗೆ ಮಾಡಬೇಡಿ. ಹಿಂದಿನ ವಾಚಿನದು ಹಿತ್ತಾಳೆ ಮೇಲೆ ಕ್ರೋಮ್, ಬೆವರಿಗೆ ಪದರ ಎದ್ದು ಹಸಿರು ಕಿಲುಬು ಬಂದು ಕೈ ತುರಿಸುತ್ತಿತ್ತು. ಇದರಲ್ಲಿ ಆ ತೊಂದರೆ ಇಲ್ಲ. ಗೀರೇ ಬೇಡ ಅನ್ನುವವರಿಗೆ ರಾಡೊ 1962ರಲ್ಲೇ ಡಯಾಸ್ಟಾರ್ ಮಾಡಿತ್ತು, ಸಫೈರ್ ಗಾಜು, ಟಂಗ್‌ಸ್ಟನ್ ಕಾರ್ಬೈಡ್ ಕೇಸು. ದುಬೈಯಿಂದ ಬಂದ ಮಾವ ಅದನ್ನು ಕಟ್ಟಿಕೊಂಡು ಕೂತಾಗ ಕೈಯಲ್ಲಿ ಹಿಡಿದು ನೋಡಿದ್ದೆ. ಲೇತ್ ಟೂಲ್ ಟಿಪ್ಪಿನದೇ ತೂಕ, ಅದೇ ಬೂದು ಹೊಳಪು. ಮಾವನಿಗೆ ಹಾಗಂತ ಹೇಳಿದ್ದು ಹಿಡಿಸಲಿಲ್ಲ.

ಕೊಳ್ಳುವವರಿಗೆ ಒಂದು ಮಾತು. ಪೆಟ್ಟಿಗೆ ಮೇಲೆ ‘ಸಫೈರ್ ಕೋಟೆಡ್’ ಅಂತ ಇದ್ದರೆ ಅದು ಮಿನರಲ್ ಗಾಜು, ಮೇಲೆ ತೆಳು ಲೇಪ ಅಷ್ಟೇ. ಅನುಮಾನ ಬಂದರೆ ಗಾಜನ್ನು ಕೆನ್ನೆಗೆ ಒತ್ತಿಕೊಳ್ಳಿ. ಸಫೈರ್ ಶಾಖವನ್ನು ಬೇಗ ಎಳೆದುಕೊಳ್ಳುವುದರಿಂದ ಪಕ್ಕದ ಸಾಮಾನ್ಯ ವಾಚಿಗಿಂತ ತಣ್ಣಗೆ ತಾಗುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ.

ಮತ್ತೆ ಇದನ್ನೇ ಕೊಳ್ಳುತ್ತೀರಾ ಅಂದರೆ, ಸಫೈರ್ ಹೌದು, ಈ ಮಾಡೆಲ್ ಅಲ್ಲ. ಮುಂದಿನ ಸಲ ಅಂಗಡಿಗೆ ಹೋದಾಗ ಮೊದಲು ವಾಚನ್ನು ಅಡ್ಡ ಹಿಡಿದು, ಉಗುರನ್ನು ಬೆಝೆಲ್‌ನಿಂದ ಗಾಜಿನ ಕಡೆಗೆ ಎಳೆಯುತ್ತೇನೆ. ಉಗುರು ಗಾಜಿನ ಅಂಚಿಗೆ ಸಿಕ್ಕಿಕೊಂಡರೆ ವಾಪಸ್ ಇಡುತ್ತೇನೆ.