ಕೆಮಿಸ್ಟ್ರಿ ಕೋರ್ಸಿನ ಖರೀದಿ: ಯಾವುದು ಹಳೆಯದಾದರೂ ನಡೆಯುತ್ತದೆ, ಯಾವುದು ನಡೆಯುವುದಿಲ್ಲ

ಕೋರ್ಸಿನ ಪಟ್ಟಿಯಲ್ಲಿರುವುದನ್ನೆಲ್ಲ ತರಗತಿ ಶುರುವಾಗುವ ಮೊದಲೇ ಕೊಂಡುಬಿಟ್ಟರೆ ದುಡ್ಡು ಪೋಲಾಗುವುದು ಖಂಡಿತ. ಮೊದಲು ಒಂದು ವಿಷಯ ಕೇಳಿ ತಿಳಿದುಕೊಳ್ಳಿ: ಹೋಂವರ್ಕಿಗೆ ಆನ್‌ಲೈನ್ ಆಕ್ಸೆಸ್ ಕೋಡ್ (ಪುಸ್ತಕದ ಹೋಂವರ್ಕ್ ತಾಣದೊಳಗೆ ಹೋಗಲು ಕೊಳ್ಳಬೇಕಾದ ಸಂಕೇತ) ಕಡ್ಡಾಯವೇ? ಪುಸ್ತಕದ ಲೆಕ್ಕಾಚಾರವೆಲ್ಲ ಈ ಉತ್ತರದ ಮೇಲೆ ನಿಂತಿದೆ.

ಕಡ್ಡಾಯವಾಗಿದ್ದರೆ ಸೆಕೆಂಡ್ ಹ್ಯಾಂಡ್ ಪುಸ್ತಕದಿಂದ ಉಳಿತಾಯವಾಗುವುದು ಅಪರೂಪ. ಒಬ್ಬರು ಒಮ್ಮೆ ಬಳಸಿದ ಕೋಡ್ ಮತ್ತೊಬ್ಬರಿಗೆ ಕೆಲಸಕ್ಕೆ ಬಾರದು. ಪುಸ್ತಕಕ್ಕೆ ಒಮ್ಮೆ, ಕೋಡಿಗೆ ಇನ್ನೊಮ್ಮೆ ಹಣ ತೆರಬೇಕಾಗುತ್ತದೆ. ಎಷ್ಟೋ ಕೋಡ್‌ಗಳ ಜೊತೆ ಇ-ಪುಸ್ತಕವೂ ಬರುವುದರಿಂದ ಕೋಡ್ ಒಂದನ್ನೇ ಕೊಳ್ಳುವುದು ಲಾಭ. ಮುಂದಿನ ಸೆಮಿಸ್ಟರಿಗೂ ಅದೇ ಪುಸ್ತಕವಿದ್ದರೆ ದೀರ್ಘಾವಧಿಯ ಕೋಡಿನ ಬೆಲೆಯನ್ನೂ ವಿಚಾರಿಸಿ.

ಕೋಡ್ ಬೇಡವೆಂದಾದರೆ ಮೂರು ದಾರಿ: ಹಳೆಯ ಆವೃತ್ತಿ, ಉಚಿತ ಪುಸ್ತಕ, ಬಾಡಿಗೆಯ ಇ-ಪುಸ್ತಕ. ನಮ್ಮ ಮತ ಹಳೆಯ ಆವೃತ್ತಿಗೆ. ಸ್ಟಾಯ್ಕಿಯೊಮೆಟ್ರಿ (ರಾಸಾಯನಿಕ ಕ್ರಿಯೆಗಳ ಪ್ರಮಾಣದ ಲೆಕ್ಕ), ಅನಿಲ ನಿಯಮ, ಸಮತೋಲನ, ಉಷ್ಣಗತಿಶಾಸ್ತ್ರ ಇವೆಲ್ಲ ಆವೃತ್ತಿಯಿಂದ ಆವೃತ್ತಿಗೆ ಬದಲಾಗುವುದಿಲ್ಲ. ಬದಲಾಗುವುದು ಅಧ್ಯಾಯದ ಕೊನೆಯ ಲೆಕ್ಕಗಳ ಸಂಖ್ಯೆ ಮತ್ತು ಅವುಗಳೊಳಗಿನ ಅಂಕಿಗಳು. ಗೊತ್ತಿಲ್ಲದೆ ತಪ್ಪು ಲೆಕ್ಕ ಮಾಡಿ ಒಪ್ಪಿಸುವ ಅಪಾಯ ಇರುವುದು ಇಲ್ಲೇ. ಹಾಗಾಗಿ ಪ್ರತಿ ವಾರ ಗ್ರಂಥಾಲಯದ ಹೊಸ ಪ್ರತಿಯೊಂದಿಗೆ ಕೊಟ್ಟ ಲೆಕ್ಕಗಳನ್ನು ತಾಳೆ ನೋಡಿ. ಬಹಳ ಹಳೆಯ ಪ್ರತಿಯಾದರೆ ಎರಡು ತಿದ್ದುಪಡಿ ಅಂಚಿನಲ್ಲಿ ಬರೆದುಕೊಳ್ಳಬೇಕು. 113, 115, 117, 118ನೇ ಧಾತುಗಳಿಗೆ 2016ರಲ್ಲಿ ನಿಹೋನಿಯಂ, ಮಾಸ್ಕೋವಿಯಂ, ಟೆನೆಸ್ಸೀನ್, ಒಗನೆಸ್ಸಾನ್ ಎಂದು ಹೆಸರಾಯಿತು. 2019ರಿಂದ ಮೋಲ್ ಎಂಬ ಪ್ರಮಾಣದ ಮಾನ ಎಂದರೆ ಕರಾರುವಾಕ್ಕಾಗಿ 6.02214076 × 10²³ ಕಣಗಳು; 12 ಗ್ರಾಂ ಕಾರ್ಬನ್-12ರಲ್ಲಿರುವ ಪರಮಾಣುಗಳಷ್ಟು ಎಂಬ ಹಳೆಯ ವ್ಯಾಖ್ಯೆ ಈಗ ಚಾಲ್ತಿಯಲ್ಲಿಲ್ಲ.

ಉಚಿತ ಪುಸ್ತಕಗಳಲ್ಲಿ ಓಪನ್‌ಸ್ಟ್ಯಾಕ್ಸ್ ಸಂಸ್ಥೆಯ 'ಕೆಮಿಸ್ಟ್ರಿ 2ಇ' ಮೊದಲ ವರ್ಷಕ್ಕೆ ಧಾರಾಳವಾಗಿ ಸಾಕು. ಪಿಡಿಎಫ್ ಇಳಿಸಿಕೊಂಡರೆ ಸದಾ ನಿಮ್ಮದೇ. ಆದರೆ ಅದರಲ್ಲಿ ಆರ್ಗ್ಯಾನಿಕ್ (ಕಾರ್ಬನ್ ಸಂಯುಕ್ತಗಳ) ಭಾಗ ಒಂದೇ ಅಧ್ಯಾಯ. ಆರ್ಗ್ಯಾನಿಕ್ ಕೋರ್ಸಿಗೆ ಜಾನ್ ಮೆಕ್‌ಮರಿ ಅವರ ಪುಸ್ತಕದ ಹತ್ತನೇ ಆವೃತ್ತಿಯನ್ನು ಅದೇ ಸಂಸ್ಥೆ 2023ರಲ್ಲಿ ಉಚಿತವಾಗಿ ಹೊರತಂದಿದೆ. ಬಾಡಿಗೆಯ ಇ-ಪುಸ್ತಕ ಅವಧಿ ಮುಗಿದ ದಿನ ಮುಚ್ಚಿಹೋಗುತ್ತದೆ, ನೀವು ಗುರುತು ಹಾಕಿಕೊಂಡದ್ದೂ ಅದರ ಜೊತೆ ಹೋಗಬಹುದು. ಮುಂದೆ ಕೆಮಿಸ್ಟ್ರಿ ಓದುವುದೇ ಇಲ್ಲ ಎನ್ನುವವರಿಗೆ ಮಾತ್ರ ಅದು ಸರಿ.

ಲ್ಯಾಬಿನ ರಕ್ಷಣಾ ಕನ್ನಡಕದ ವಿಷಯದಲ್ಲಿ ದಯವಿಟ್ಟು ಕೈ ಬಿಗಿ ಹಿಡಿಯಬೇಡಿ. ಪಕ್ಕದಲ್ಲಿ ತೆರೆದಿರುವ ಸೇಫ್ಟಿ ಗ್ಲಾಸ್ ಹಾರುವ ಚೂರುಗಳಿಗೆ ಸರಿ, ಚಿಮ್ಮುವ ದ್ರವಕ್ಕೆ ಸಾಲದು. ಗಾಗಲ್ಸ್‌ನಲ್ಲೂ ಎರಡು ಬಗೆ. ನೇರ ರಂಧ್ರದವು ಅಗ್ಗ, ಆವಿಯೂ ಕಡಿಮೆ ಕಟ್ಟುತ್ತದೆ. ಆದರೆ ಆ ರಂಧ್ರಗಳಿಂದಲೇ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಸುಡುವ ಕ್ಷಾರದ ಹನಿ ಒಳಗೆ ಹೋಗಬಲ್ಲದು. ಲ್ಯಾಬಿಗೆ ಬೇಕಾದದ್ದು ಗಾಳಿದಾರಿಯ ಮೇಲೆ ಮುಚ್ಚಳವಿರುವ ಬಗೆ. ಅಮೆರಿಕದ ಝಡ್87.1 (Z87.1) ಮಾನದಂಡದಲ್ಲಿ 'ಡಿ3' (D3) ಎಂಬ ಗುರುತು, ಯುರೋಪಿನ ಇಎನ್ 166ರಲ್ಲಿ ಚೌಕಟ್ಟಿನ ಮೇಲೆ '3' ಎಂಬ ಅಂಕಿ ದ್ರವದ ಹನಿಯಿಂದ ರಕ್ಷಣೆಯನ್ನು ಸೂಚಿಸುತ್ತವೆ. ಒಣ ಟಿಶ್ಯೂನಿಂದ ಒರೆಸಿದರೆ ಆವಿ ತಡೆಯುವ ಲೇಪ ಕಿತ್ತುಬರುತ್ತದೆ, ಅಸಿಟೋನ್ ದ್ರಾವಕ ತಾಗಿದರೆ ಗಾಗಲ್ಸ್‌ನ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ. ಸಾಬೂನು ನೀರಿನಲ್ಲಿ ತೊಳೆದು ಹಾಗೇ ಆರಲು ಬಿಡಿ. ಗೀರು ಬಿದ್ದ, ಪಟ್ಟಿ ಸಡಿಲವಾದ ಹಳೆಯ ಗಾಗಲ್ಸ್ ಪುಕ್ಕಟೆ ಸಿಕ್ಕರೂ ಬೇಡ.

ಲ್ಯಾಬ್ ಕೋಟ್ ಮಾತ್ರ ಬಳಸಿದ್ದೇ ಕೊಳ್ಳಿ, ಪೂರ್ತಿ ಹತ್ತಿಯದ್ದಾಗಿರಲಿ. ಪಾಲಿಯೆಸ್ಟರ್ ಬೆಂಕಿಗೆ ಕರಗಿ ಚರ್ಮಕ್ಕೆ ಅಂಟುತ್ತದೆ. ತೋಳು ಮಣಿಕಟ್ಟು ಮುಟ್ಟಲಿ.

ಕ್ಯಾಲ್ಕುಲೇಟರ್‌ಗೆ ಗ್ರಾಫ್ ಬರುವ ದುಬಾರಿ ಮಾದರಿ ಬೇಕಿಲ್ಲ. ಎಷ್ಟೋ ಪರೀಕ್ಷೆಗಳಲ್ಲಿ ಅದನ್ನು ಬಿಡುವುದೂ ಇಲ್ಲ. ಲಾಗ್, 10ˣ, ಘಾತದ ಕೀಲಿ (EXP ಅಥವಾ EE) ಇರುವ ಸಾಧಾರಣ ವೈಜ್ಞಾನಿಕ ಕ್ಯಾಲ್ಕುಲೇಟರ್ ಸಾಕು. ಘಾತದ ಕೀಲಿ ಒತ್ತದೆ 1 ÷ 6.022 × 10^23 ಎಂದು ಬಿಡಿಬಿಡಿಯಾಗಿ ಒತ್ತಿದರೆ 1.66 × 10⁻²⁴ ಬದಲು 1.66 × 10²² ಬರುತ್ತದೆ. ತಪ್ಪು ಯಂತ್ರದ್ದಲ್ಲ, ಲೆಕ್ಕ ಮಾಡುವ ಕ್ರಮದ್ದು.

ಬರೆದದ್ದು ಕೆಳಗಿನ ಹಾಳೆಯ ಮೇಲೂ ಮೂಡುವ ನಕಲು ಹಾಳೆಯ ಲ್ಯಾಬ್ ನೋಟ್‌ಬುಕ್ ಬೇಕಾಗುವುದು ಪ್ರಯೋಗದ ದಿನವೇ ಪ್ರತಿ ಕೊಡಬೇಕಿದ್ದಾಗ ಮಾತ್ರ. ಬರೆಯುವ ಜೋಡಿಯ ಕೆಳಗೆ ದಪ್ಪ ರಟ್ಟು ಇಡದಿದ್ದರೆ ಮುಂದಿನ ಹಾಳೆಗಳೂ ಹಾಳು. ಪ್ರತಿ ಕೊಡಬೇಕಿಲ್ಲವಾದರೆ ಹೊಲಿದು ಕಟ್ಟಿದ ಸಾಮಾನ್ಯ ಪುಸ್ತಕಕ್ಕೆ ಪುಟಸಂಖ್ಯೆ ಹಾಕಿಕೊಂಡರಾಯಿತು.

ಅಣು ಮಾದರಿಯ ಕಿಟ್ ಬೇಕಾಗುವುದು ಹೆಚ್ಚಾಗಿ ಆರ್ಗ್ಯಾನಿಕ್‌ಗೆ. ಜೇಡಿಮಣ್ಣಿನ ಉಂಡೆಗೆ ಕಡ್ಡಿ ಚುಚ್ಚಿದರೆ ಕಾರ್ಬನ್ ಬಂಧಗಳ ನಡುವಿನ 109.5° ಕೋನ ನಿಲ್ಲುವುದಿಲ್ಲ, ಉಂಗುರಗಳು ಕುಸಿಯುತ್ತವೆ. ಅವೊಗಾಡ್ರೊ ಎಂಬ ಉಚಿತ ಸಾಫ್ಟ್‌ವೇರ್ ಚೆನ್ನಾಗಿದೆ, ಆದರೆ ಪರೀಕ್ಷೆಗೆ ಒಯ್ಯಲಾಗದು. ಬಳಸಿದ ಕಿಟ್ ಕೊಳ್ಳುವಾಗ ತುಂಡುಗಳನ್ನು ಎಣಿಸಿ: ಸೈಕ್ಲೋಹೆಕ್ಸೇನ್ ಎಂಬ ಉಂಗುರದ ಅಣು ಕಟ್ಟಲು ನಾಲ್ಕು ರಂಧ್ರದ ಆರು ಕಾರ್ಬನ್, ಹನ್ನೆರಡು ಹೈಡ್ರೋಜನ್, ಒಂದಕ್ಕೊಂದು ಕನ್ನಡಿ ಪ್ರತಿಬಿಂಬದಂತಿರುವ ಅಣುಗಳ ಜೋಡಿಗೆ ನಾಲ್ಕು ಬೇರೆ ಬೇರೆ ಬಣ್ಣದ ಗುಂಡುಗಳು, ಪ್ರತಿಯೊಂದೂ ಎರಡೆರಡು.