ಬೋಹ್ರಿ ಆಳಿಯ ಸೀಳುತುದಿ ಸಲಾಕೆ: ಭೀಮನಕಡ್ಡಿ ಬೇರು ಸಮೇತ ಬರಬೇಕೆಂದರೆ ಇದೇ

ಮೊದಲೇ ಹೇಳಿಬಿಡುತ್ತೇನೆ. ಇದಕ್ಕೆ ಬ್ರ್ಯಾಂಡ್ ಇಲ್ಲ, ಡಬ್ಬಿ ಇಲ್ಲ. ಪುಣೆಯ ರವಿವಾರ ಪೇಠೆಯ ಬೋಹ್ರಿ ಆಳಿ ಅನ್ನುವ ಗಲ್ಲಿಯಲ್ಲಿ 260 ರೂಪಾಯಿ ಕೊಟ್ಟು ತಂದ, ಕಳೆ ಕೀಳುವ ಕಬ್ಬಿಣದ ಸಲಾಕೆ. ಮೊಳಕ್ಕಿಂತ ಸ್ವಲ್ಪ ಕಡಿಮೆ ಉದ್ದ, ಹೆಬ್ಬೆರಳಿನ ದಪ್ಪ. ತುದಿಯನ್ನು ಚಪ್ಪಟೆ ಬಡಿದು ಹಾವಿನ ನಾಲಿಗೆ ಹಾಗೆ ಎರಡಾಗಿ ಸೀಳಿದ್ದಾರೆ, ಹಿಡಿ ಜಾಲಿ ಕಟ್ಟಿಗೆಯದು. ಎರಡು ಮಳೆಗಾಲ ಬಳಸಿದ್ದೇನೆ. ಇನ್ನೊಂದು ಕೊಂಡು ಧಾರವಾಡಕ್ಕೆ ಅವ್ವನಿಗೂ ಕಳಿಸಿದ್ದೇನೆ.

ನಾವಿರುವುದು ಪುಣೆಯ ಬಾವ್‌ಧನ್ ಕಡೆ. ಸೊಸೈಟಿಯ ಹಿಂದೆ ಗುಂಟೆಗಿಂತ ಕಡಿಮೆ ಜಾಗವಿದೆ. ಆರು ಮನೆಯವರು ಸೇರಿ ಅಲ್ಲಿ ತರಕಾರಿ ಬೆಳೆಯುತ್ತೇವೆ, ಅದರಲ್ಲಿ ಕನ್ನಡದವರು ನಾವು ಮತ್ತು ವಿಜಯಪುರದ ಇನ್ನೊಂದು ಮನೆ. ಬೆಂಡೆ, ಹೀರೆ, ಮೆಂತ್ಯ, ಮತ್ತೆ ನಮ್ಮಿಬ್ಬರ ಹಟಕ್ಕೆ ಪುಂಡಿ. ಮಣ್ಣು ಒಳ್ಳೆಯದಲ್ಲ. ಬಿಲ್ಡರ್ ತುಂಬಿಸಿ ಹೋದ ಮುರುಮಿನ (ಗರಸು ಮಣ್ಣಿನ) ಮೇಲೆ ನಾವು ತರಿಸಿ ಹರಡಿದ ಕಪ್ಪು ಮಣ್ಣು, ಅಷ್ಟೇ. ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ನಾವು ಹಾಕಿದ ಬೀಜಕ್ಕಿಂತ ಮೊದಲು ಅವಳಿ ಎಲೆ ಬಿಟ್ಟು ಏಳುವುದು ಭೀಮನಕಡ್ಡಿ.

ನಿಮಗೆ ಈ ಗಿಡ ಖಂಡಿತ ಗೊತ್ತಿರುತ್ತದೆ, ಹೆಸರು ಗೊತ್ತಿಲ್ಲದಿರಬಹುದು. ರಸ್ತೆ ಬದಿ, ಶಾಲೆ ಮೈದಾನ, ಗುಡ್ಡದ ಕಾಲುದಾರಿ, ಎಲ್ಲ ಕಡೆ ಇರುತ್ತದೆ. ಮೊಣಕಾಲೆತ್ತರದಿಂದ ಸೊಂಟದೆತ್ತರ ಬೆಳೆಯುತ್ತದೆ, ಪುಟ್ಟ ಹಳದಿ ಹೂವು. ಇಲ್ಲಿಯವರು ಚಿಕಣಾ ಅನ್ನುತ್ತಾರೆ, ತುಪ್‌ಕಡಿ ಅಂತಲೂ ಕರೆಯುತ್ತಾರೆ. ಸಸ್ಯಶಾಸ್ತ್ರದವರಿಗೆ ಇದು ಸೈಡಾ ಅಕ್ಯೂಟಾ, 1768ರಿಂದ ಅದೇ ಹೆಸರು. ಅಕ್ಯೂಟಾ ಅಂದರೆ ಚೂಪು. ಎಲೆ ನೋಡಿದರೆ ಯಾಕೆ ಅಂತ ತಿಳಿಯುತ್ತದೆ, ಸಪೂರ ಈಟಿ ಹಾಗಿದೆ, ಅಂಚು ಗರಗಸ. ಎಲೆ ತೊಟ್ಟಿನ ಬುಡದಲ್ಲಿ ಎರಡೂ ಪಕ್ಕ ಒಂದೊಂದು ಪುಟ್ಟ ಎಸಳು ಇರುತ್ತದೆ, ಅವೆರಡೂ ಒಂದೇ ಅಳತೆ ಇರುವುದಿಲ್ಲ. ಒಂದು ದಾರದ ಹಾಗೆ, ಇನ್ನೊಂದು ಸ್ವಲ್ಪ ಅಗಲ. ನಾನು ಗುರುತು ಹಿಡಿಯುವುದು ಅದರಿಂದಲೇ. ಇದರ ಹತ್ತಿರದ ನೆಂಟ ಸೈಡಾ ರೋಂಬಿಫೋಲಿಯಾ ಕೂಡ ನಮ್ಮ ಜಾಗದಲ್ಲಿದೆ, ಅದರ ಎಲೆ ಶಂಕರಪಾಳಿ ಆಕಾರ, ಹೂವಿನ ತೊಟ್ಟು ಉದ್ದ.

ಒಂದು ಹೂವನ್ನು ಕಿತ್ತು ಅಂಗೈ ಮೇಲೆ ಇಟ್ಟುಕೊಂಡು ನೋಡಿ. ಐದು ದಳ, ಪ್ರತಿಯೊಂದೂ ಒಂದು ಪಕ್ಕಕ್ಕೆ ಓರೆಯಾಗಿ ಕತ್ತರಿಸಿದ ಹಾಗೆ, ಫ್ಯಾನಿನ ರೆಕ್ಕೆ ಥರ. ನಡುವೆ ಕೇಸರಗಳೆಲ್ಲ ಬುಡದಲ್ಲಿ ಒಂದಾಗಿ ಒಂದು ಕಂಬ ನಿಂತಿರುತ್ತದೆ. ದಾಸವಾಳದಲ್ಲೂ ಅದೇ ಕಂಬ, ಬೆಂಡೆಯಲ್ಲೂ, ಹತ್ತಿಯಲ್ಲೂ, ಪುಂಡಿಯಲ್ಲೂ. ಎಲ್ಲ ಒಂದೇ ಮನೆತನ. ಎಲೆ ತಿಕ್ಕಿದರೆ ಬೆಂಡೆ ಹಾಗೇ ಲೋಳೆ ಬರುತ್ತದೆ. ಹೂವು ಬೆಳಿಗ್ಗೆ ಬಿಸಿಲು ಏರಿದ ಮೇಲೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡಿಬಿಡುತ್ತದೆ, ಹಾಗಾಗಿ ಸಂಜೆ ತೋಟಕ್ಕೆ ಇಳಿಯುವವರಿಗೆ ಇದು ಹೂ ಬಿಟ್ಟಿದೆ ಅಂತಲೇ ಗೊತ್ತಾಗುವುದಿಲ್ಲ. ನಾವು ಮೊದಲ ವರ್ಷ ಸೋತದ್ದು ಹೀಗೇ. ಆಫೀಸ್ ಮುಗಿಸಿ ಬಂದು ನೋಡುತ್ತಿದ್ದೆವು, ಹೂವಿಲ್ಲ, ಇನ್ನೂ ಟೈಮಿದೆ ಅಂದುಕೊಂಡೆವು. ಅಷ್ಟರಲ್ಲಿ ಬೀಜ ಆಗಿಹೋಗಿತ್ತು.

ಇನ್ನು ಕೀಳುವ ವಿಷಯ. ಕೈಯಿಂದ ಎಳೆದರೆ ಏನಾಗುತ್ತದೆ ಗೊತ್ತಾ? ಕಾಂಡ ಬುಡದಲ್ಲಿ ಲಟಕ್ ಅನ್ನುತ್ತದೆ, ಒಳಗಿನ ಕಟ್ಟಿಗೆ ಮುರಿಯುತ್ತದೆ, ಆದರೆ ತೊಗಟೆ ಮಾತ್ರ ಹರಿಯುವುದಿಲ್ಲ, ಹಗ್ಗದ ಹಾಗೆ ಹಿಡಿದುಕೊಂಡೇ ಇರುತ್ತದೆ, ನೀವು ಜಗ್ಗಿದಷ್ಟೂ ಅಂಗೈ ಕೆಂಪಾಗುತ್ತದೆ. ಆ ತೊಗಟೆಯಲ್ಲಿರುವುದು ನಾರು. ಪುಂಡಿ ಕಟ್ಟಿಗೆಯನ್ನು ನೀರಲ್ಲಿ ಕೊಳೆಹಾಕಿ ನಾರು ಬಿಡಿಸಿ ಹಗ್ಗ ಹೊಸೆಯುವುದನ್ನು ನಮ್ಮ ಕಡೆ ಹಳಬರು ನೋಡಿರುತ್ತಾರೆ, ಇದೂ ಅದೇ ಜಾತಿಯ ನಾರು. ಭೀಮನಕಡ್ಡಿ ಅಂತ ಸುಮ್ನೆ ಹೆಸರಿಟ್ಟಿಲ್ಲ ಅನಿಸುತ್ತದೆ. ಕೊನೆಗೆ ಕಾಂಡ ಕೈಗೆ ಬರುತ್ತದೆ, ಬೇರು ಒಳಗೇ ಉಳಿಯುತ್ತದೆ, ಹತ್ತು ದಿನಕ್ಕೆ ಬುಡದಿಂದ ಹೊಸ ಚಿಗುರು.

ಸೊಸೈಟಿಯಿಂದ ಒಬ್ಬ ಗುತ್ತಿಗೆದಾರರನ್ನು ಕರೆಸಿ ಮಷಿನ್‌ನಿಂದ ಹುಲ್ಲು ಹೊಡೆಸಿದ್ದೂ ಆಯಿತು. ಆಗಸ್ಟ್‌ನಲ್ಲಿ ಜಾಗ ಬೋಳು, ಎಲ್ಲರಿಗೂ ಖುಷಿ. ಸೆಪ್ಟೆಂಬರ್‌ನಲ್ಲಿ ನೋಡಿದರೆ ಒಂದು ಕಾಂಡ ಇದ್ದಲ್ಲಿ ನಾಲ್ಕು ಟೊಂಗೆ, ನೆಲಕ್ಕೆ ಅಂಟಿ ಪೊದೆಯಾಗಿ ಬೆಳೆದು ಆ ಗಿಡ್ಡ ಟೊಂಗೆಗಳಲ್ಲೇ ಕಾಯಿ ಬಿಟ್ಟಿತ್ತು. ಮೇಲಿಂದ ಕತ್ತರಿಸುವುದು ಈ ಗಿಡಕ್ಕೆ ಚಾಟಣಿ ಮಾಡಿದ ಹಾಗೆ, ಅಂದರೆ ಚಿಗುರಲೆಂದು ಟೊಂಗೆ ಸವರಿದ ಹಾಗೆ. ಮಷಿನ್‌ನವರಿಗೆ ಇದನ್ನು ಹೇಳಿದೆ, ಅವರು ಮತ್ತೊಮ್ಮೆ ಹೊಡೆಯಲು ರೇಟು ಹೇಳಿದರು.

ಆಮೇಲೆ ಆನ್‌ಲೈನ್‌ನಲ್ಲಿ ಒಂದು ತರಿಸಿದೆ, ನಿಂತೇ ಕಳೆ ಕೀಳುವುದು, ಕಾಲಲ್ಲಿ ಒತ್ತಿದರೆ ನಾಲ್ಕು ಉಗುರು ನೆಲಕ್ಕೆ ಇಳಿದು ಗಿಡವನ್ನು ಹಿಡಿದು ಎತ್ತುತ್ತದೆ. 1,899 ರೂಪಾಯಿ. ಕಾಂಗ್ರೆಸ್ ಗಿಡಕ್ಕೆ ಚೆನ್ನಾಗಿತ್ತು, ನಿಜವಾಗಿ ಚೆನ್ನಾಗಿತ್ತು. (ನಮ್ಮ ದೇಶದಲ್ಲಿ ಆ ಪಾರ್ಥೇನಿಯಂ ಕಣ್ಣಿಗೆ ಬಿದ್ದದ್ದೇ ಈ ಪುಣೆಯಲ್ಲಿ, 1955ರ ಸುಮಾರಿಗೆ.) ಆದರೆ ಭೀಮನಕಡ್ಡಿಗೆ ಹಾಕಿದ ಮೂರನೇ ದಿನ ಉಗುರು ಬಾಗಿತು. ಉಗುರು ಇಳಿಯುವುದು ನಾಲ್ಕು ಬೆರಳಷ್ಟು, ಬೇರು ಇರುವುದು ಅದರ ಕೆಳಗೆ. ಮುರುಮಿನ ಕಲ್ಲು ಬೇರೆ. ವಾಪಸ್ ತಗೊಳ್ಳಲಿಲ್ಲ, ಬಳಸಿದ ಸಾಮಾನು ಅಂದರು. ಹೆಸರು ಬೇಡ ಬಿಡಿ, ಮೆತ್ತಗಿನ ಹುಲ್ಲುಹಾಸಿಗೆ ಮಾಡಿದ ಸಾಮಾನು ಅದು.

ಬೋಹ್ರಿ ಆಳಿಗೆ ಹೋದದ್ದು ನಿಜವಾಗಿ ನಲ್ಲಿ ವಾಷರ್‌ಗೆ. ಪಕ್ಕದ ಅಂಗಡಿಯಲ್ಲಿ ಖುರ್ಪೆ, ಕುದಳಿ, ಕೊಯ್ತಾ ನೇತಾಡುತ್ತಿದ್ದವು. ಕಳೆ ಕೀಳಲು ಏನಾದರೂ ಕೊಡಿ ಅಂದೆ. ಅಂಗಡಿಯ ಹಿರಿಯರು ಏನನ್ನೂ ಇಳಿಸಲಿಲ್ಲ. "ಕುಠಲ್ಯಾ ಝಾಡಾಸಾಠಿ, ತಾಈ?" ಅಂದರು, ಯಾವ ಗಿಡಕ್ಕೆ ಅಂತ. ಚಿಕಣಾ ಅಂದ ತಕ್ಷಣ ಕೈಯಲ್ಲಿದ್ದ ಖುರ್ಪೆ ಪಕ್ಕಕ್ಕಿಟ್ಟು ಒಳಗಿಂದ ಈ ಸಲಾಕೆ ತಂದರು. ಖುರ್ಪೆ ಕೊಯ್ಯುತ್ತದೆ, ಇದು ಎತ್ತುತ್ತದೆ, ನಿಮಗೆ ಎತ್ತುವುದು ಬೇಕು, ಇಷ್ಟೇ ಹೇಳಿದ್ದು. ನೆಲದ ಮೇಲೆ ಕೂತು ಹೇಗೆ ಹಿಡಿಯಬೇಕು ಅಂತಲೂ ತೋರಿಸಿದರು. ಗಿಡದ ಹೆಸರು ಕೇಳಿ ಸಾಮಾನು ಕೊಡುವ ಅಂಗಡಿ ನಾನು ಬೇರೆ ನೋಡಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಬಳಸುವ ರೀತಿ ಹೀಗೆ. ಬುಡದಿಂದ ಮೂರು ಬೆರಳು ದೂರದಲ್ಲಿ ಸಲಾಕೆಯನ್ನು ಓರೆಯಾಗಿ ಚುಚ್ಚಬೇಕು, ನೇರ ಅಲ್ಲ. ಅಂಗೈಯಿಂದ ಒತ್ತಿ ಅರ್ಧಕ್ಕಿಂತ ಜಾಸ್ತಿ ಇಳಿಸಿ. ಸೀಳು ತುದಿ ತಾಯಿ ಬೇರಿನ ಕೆಳಗೆ ಹೋಗಿ ಕೂತಾಗ ಕೈಗೇ ತಿಳಿಯುತ್ತದೆ, ಸಲಾಕೆ ಅಲ್ಲಾಡುವುದು ನಿಲ್ಲುತ್ತದೆ. ಆಗ ಹಿಡಿಯನ್ನು ಕೆಳಗೆ ಒತ್ತಿ, ಎಡಗೈಯಲ್ಲಿ ಕಾಂಡವನ್ನು ನೆಲಕ್ಕೆ ತಾಗಿ ಹಿಡಿದು ಮೇಲಕ್ಕೆ ಎತ್ತಿ. ಜಗ್ಗಬೇಡಿ, ಎತ್ತಿ. ಪಟ್ ಪಟ್ ಅಂತ ಪಕ್ಕದ ಬೇರು ಕಡಿಯುವ ಸದ್ದು ಕೇಳುತ್ತದೆ, ಆಮೇಲೆ ಇಡೀ ಗಿಡ ಮಣ್ಣು ಕೊಡವಿಕೊಂಡು ಬರುತ್ತದೆ. ಮೊದಲ ದಿನ ಬಂದ ಒಂದು ಬೇರನ್ನು ಮಗಳ ಸ್ಕೇಲ್ ಇಟ್ಟು ಅಳೆದೆ, 34 ಸೆಂಟಿಮೀಟರ್. ಗಿಡ ಇದ್ದದ್ದು ಬರೀ ಮೊಣಕಾಲೆತ್ತರ! ಮೇಲೆ ಬೆರಳು ದಪ್ಪ, ಕೆಳಗೆ ಹೋಗ್ತಾ ಇಲಿ ಬಾಲದ ಹಾಗೆ ಸಣ್ಣ. ಇಷ್ಟು ಆಳ ಹೋಗುವುದರಿಂದಲೇ ಮಳೆ ನಿಂತು ತಿಂಗಳಾದರೂ ಇದು ಹಸಿರಾಗಿ ನಿಂತಿರುತ್ತದೆ.

ಯಾವಾಗ ಕೀಳಬೇಕು ಅನ್ನುವುದು ಸಲಾಕೆಯಷ್ಟೇ ಮುಖ್ಯ. ಫೋನಿನಲ್ಲಿ ಅವ್ವ ಹೇಳಿದ್ದು: "ಮಳಿ ನಿಂತ ಮರುದಿನ ಕೀಳವಾ, ಅವತ್ತ ಬ್ಯಾಡ, ರಾಡಿ ಹಿಡಿತೈತಿ." ಅದು ನೂರಕ್ಕೆ ನೂರು ನಿಜ. ಅವತ್ತೇ ಕಿತ್ತರೆ ಸಲಾಕೆಗೆ ಕೆಸರು ಮೆತ್ತಿಕೊಂಡು ಹಿಡಿತವೇ ಸಿಗುವುದಿಲ್ಲ, ತುಳಿದು ತುಳಿದು ಮಣ್ಣು ಗಟ್ಟಿಯಾಗುತ್ತದೆ. ಮರುದಿನ ಬೆಳಿಗ್ಗೆ ಸರಿ. ಜುಲೈ ಮುಗಿಯುವುದರೊಳಗೆ ಒಂದು ಸುತ್ತು, ಆಗಸ್ಟ್‌ನಲ್ಲಿ ಇನ್ನೊಂದು. ಕಾಯಿ ಹಣ್ಣಾಗಲು ಬಿಡಲೇಬಾರದು. ಕಾಯಿ ಬಿಡಿಸಿ ನೋಡಿ, ಬೆಳ್ಳುಳ್ಳಿ ಎಸಳುಗಳ ಹಾಗೆ ಐದರಿಂದ ಎಂಟು ತುಂಡಾಗುತ್ತದೆ. ಒಂದೊಂದು ತುಂಡಿನ ತಲೆಯ ಮೇಲೆ ಎರಡು ಪುಟ್ಟ ಕೊಂಬು, ಒಳಗೆ ಒಂದೇ ಬೀಜ. ಆ ಕೊಂಬು ಪ್ಯಾಂಟಿನ ಅಂಚಿಗೆ, ನಾಯಿಯ ಕೂದಲಿಗೆ ಸಿಕ್ಕಿಕೊಂಡು ಹೋಗುತ್ತದೆ. ಬೀಜದ ಸಿಪ್ಪೆ ಗಟ್ಟಿ, ನೀರು ಬೇಗ ಒಳಗೆ ಹೋಗುವುದಿಲ್ಲ, ಹಾಗಾಗಿ ಎಲ್ಲವೂ ಒಂದೇ ವರ್ಷ ಮೊಳೆಯುವುದಿಲ್ಲ. ಒಂದು ವರ್ಷ ಕಿತ್ತು ಮುಗಿಯಿತು ಅನ್ನುವ ಹಾಗಿಲ್ಲ. ನಮ್ಮ ಜಾಗದಲ್ಲಿ ಎರಡನೇ ಮಳೆಗಾಲಕ್ಕೆ ಅರ್ಧಕ್ಕಿಂತ ಕಡಿಮೆ ಆಗಿದೆ.

ಇಷ್ಟು ತಲೆ ಯಾಕೆ ಕೆಡಿಸಿಕೊಳ್ಳಬೇಕು ಅಂತ ಎದುರು ಮನೆಯವರು ಕೇಳಿದರು. ಬೆಂಡೆಗಾಗಿ. ಬೆಂಡೆಯ ಎಲೆ ನರಗಳೆಲ್ಲ ಹಳದಿಯಾಗಿ, ಕಾಯಿ ಬಿಳಚಿಕೊಂಡು ಗಟ್ಟಿಯಾಗುವ ಹಳದಿ ನಂಜು ರೋಗ ಗೊತ್ತಲ್ವಾ, ಅದನ್ನು ಮೊದಲು ವರದಿ ಮಾಡಿದ್ದೇ ಆಗಿನ ಮುಂಬೈ ಪ್ರಾಂತ್ಯದಿಂದ, 1924ರಲ್ಲಿ. ಅದನ್ನು ಗಿಡದಿಂದ ಗಿಡಕ್ಕೆ ದಾಟಿಸುವುದು ಬಿಳಿ ನೊಣ. ಆ ನೊಣಕ್ಕೆ ಬೆಂಡೆಯೂ ಬೇಕು, ಭೀಮನಕಡ್ಡಿಯೂ ಬೇಕು. ಸೈಡಾ ಗಿಡಗಳಲ್ಲೂ ಇದೇ ಗುಂಪಿನ ವೈರಸ್‌ಗಳು ಇರುತ್ತವೆ, ನರ ಹಳದಿಯಾದ ಭೀಮನಕಡ್ಡಿ ನಮ್ಮಲ್ಲೇ ಮೂರು ಸಿಕ್ಕವು. ಎರಡರ ವೈರಸ್ ಒಂದೇ ಅಂತ ನಾನು ಹೇಳುತ್ತಿಲ್ಲ. ಆದರೆ ಬೆಂಡೆ ಸಾಲಿನ ಪಕ್ಕದಲ್ಲೇ ಬಿಳಿ ನೊಣಕ್ಕೆ ವರ್ಷವಿಡೀ ಮನೆ ಯಾಕೆ? ಹತ್ತಿ ಹೊಲದಲ್ಲಿ ಕಾಣುವ, ಹಿಂಬದಿಗೆ ಹಿಂಬದಿ ಅಂಟಿಕೊಂಡು ಓಡಾಡುವ ಕೆಂಪು ತಿಗಣೆಗಳೂ ಇದರ ಬೀಜಕ್ಕೆ ಬರುತ್ತವೆ.

ಔಷಧಿ ಹೊಡೆದು ಸಾಯಿಸುವುದು ನನಗೆ ಬೇಡವಾಗಿತ್ತು, ಮಕ್ಕಳು ಅಲ್ಲೇ ಆಡುತ್ತಾರೆ. ಆಸ್ಟ್ರೇಲಿಯಾದ ಉತ್ತರ ಭಾಗದಲ್ಲಿ 1989ರಲ್ಲಿ ಮೆಕ್ಸಿಕೋದಿಂದ ಒಂದು ಜೀರುಂಡೆ ತಂದು ಇದೇ ಗಿಡದ ಮೇಲೆ ಬಿಟ್ಟು ಚೆನ್ನಾಗಿ ಹತೋಟಿಗೆ ತಂದಿದ್ದಾರೆ. ನಮ್ಮ ಈ ಪುಟ್ಟ ಜಾಗಕ್ಕೆ ಸಲಾಕೆ ಸಾಕು.

ಶ್ರೀಮುದ್ರೆ ಗಿಡಕ್ಕೂ ಇದನ್ನು ಹಾಕಿ ನೋಡಿದೆ, ಚೆನ್ನಾಗಿ ಬರುತ್ತದೆ. ಅದೂ ಇದೇ ಮನೆತನ, ಹೂವು ಮಾತ್ರ ಮಧ್ಯಾಹ್ನ ಇಳಿದ ಮೇಲೆ ಅರಳುತ್ತದೆ. ಅದರ ಚಕ್ರದಂಥ ಕಾಯಿಯನ್ನು ಮಸಿಗೆ ಅದ್ದಿ ಕಾಗದಕ್ಕೆ ಒತ್ತಿದರೆ ಮುದ್ರೆ ಮೂಡುತ್ತದೆ, ಮಗಳಿಗಾಗಿ ಒಂದು ಗಿಡ ಉಳಿಸಿದ್ದೇನೆ.

ಕಿತ್ತ ಬೇರನ್ನು ಕೆಳಗಿನ ಮನೆಯ ಕಾಕು ಕೇಳಿದರು, ಮೊಣಕಾಲು ನೋವಿಗೆ. ಕ್ಷೀರಬಲಾ ಎಣ್ಣೆಗೆ ಹಾಕುವ ಬಲಾ ಈ ಸೈಡಾಗಳಲ್ಲೇ ಒಂದು, ಅದು ನಿಜ. ಆದರೆ ಈ ಕುಲದಲ್ಲಿ ಹಲವು ಜಾತಿ ಇವೆ, ಒಂದರಲ್ಲಿ ಎದೆಬಡಿತ ಏರಿಸುವ ಎಫೆಡ್ರಿನ್ ಕೂಡ ಇದೆ. ಕಾಕುಗೆ ಬಿಪಿ ಇದೆ. ಬೇರು ಕೊಡಲಿಲ್ಲ, ವೈದ್ಯರನ್ನು ಕೇಳಿ ಎಣ್ಣೆಯನ್ನೇ ತಗೊಳ್ಳಿ ಅಂದೆ.

ಸಲಾಕೆಯ ಕುಂದುಗಳೂ ಇವೆ. ಹಿಡಿ ಗಿಡ್ಡ, ಕುಕ್ಕರಗಾಲಲ್ಲೇ ಕೂರಬೇಕು, ಮೊಣಕಾಲು ನೋವಿರುವವರಿಗೆ ಕಷ್ಟ. ಹೊಸದರಲ್ಲಿ ಹಿಡಿಯ ಅಂಚು ಒರಟಾಗಿತ್ತು, ನಾನೇ ಉಜ್ಜುಕಾಗದದಿಂದ ತಿಕ್ಕಿದೆ. ತುಕ್ಕು ಬೇಗ ಹಿಡಿಯುತ್ತದೆ, ಪ್ರತಿ ಸಲ ಒರೆಸಿ ಎಣ್ಣೆ ಸವರಿ ಇಡಬೇಕು. ನವೆಂಬರ್ ನಂತರ ಮುರುಮು ಒಣಗಿ ಕಲ್ಲಾದ ಮೇಲೆ ಇದು ಇಳಿಯುವುದೇ ಇಲ್ಲ. ಸೊಂಟದೆತ್ತರದ ಹಳೆ ಗಿಡಕ್ಕೂ ಆಗುವುದಿಲ್ಲ, ಅದಕ್ಕೆ ಹಾರೆಯೇ ಬೇಕು. ಹಿಡಿಯ ವಿಷಯ ಹೋದ ತಿಂಗಳು ಅಂಗಡಿಯವರಿಗೆ ಹೇಳಿ ಬಂದೆ. ಕಮ್ಮಾರನಿಗೆ ಹೇಳಿ ಒಂದು ಗೇಣು ಉದ್ದ ಮಾಡಿಸಿ ಇಡುತ್ತೇನೆ, ಜೂನ್‌ಗೆ ಮೊದಲು ಬನ್ನಿ ಅಂದಿದ್ದಾರೆ.